ಚೇತರಿಕೆಯ ಖರ್ಚು ಯಾರ ಕೂಲಿಯಿಂದ? ಕೊರೊನಾ ನಂತರದ ಕರ್ನಾಟಕದಲ್ಲಿ ಬಡವರ ಹಕ್ಕು: ಗೊತ್ತಿರುವವರು ವಿವರ ಹಾಕಿ

ಹಾಜರಿಪುಸ್ತಕ

2020ರ ಮೇ 5ರಂದು ಬಿಲ್ಡರುಗಳ ಜೊತೆ ಸಭೆ ಆಯಿತು. ಮರುದಿನದಿಂದ ವಲಸೆ ಕಾರ್ಮಿಕರ ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ 8ರಿಂದ ರೈಲು ಮತ್ತೆ ಹೊರಟವು. ಮೇ 22ಕ್ಕೆ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಎಂಬ ಅಧಿಸೂಚನೆ ಬಂತು. ಹೈಕೋರ್ಟಿನಲ್ಲಿ ಪ್ರಶ್ನೆ ಬಂದೊಡನೆ ಜೂನ್ ಎರಡನೇ ವಾರದಲ್ಲಿ ಅದನ್ನು ಹಿಂದೆಗೆದುಕೊಂಡರು. ಜುಲೈ 20ಕ್ಕೆ ಆ ವರ್ಷದ ತುಟ್ಟಿಭತ್ಯೆ ಮುಂದೂಡಿದ ಅಧಿಸೂಚನೆ.

ಎರಡೂವರೆ ತಿಂಗಳೊಳಗೆ ಮೂರು. ಮೂರಕ್ಕೂ ಕೊಟ್ಟ ಕಾರಣ ಒಂದೇ, ಆರ್ಥಿಕತೆ ಚೇತರಿಸಿಕೊಳ್ಳಬೇಕು. ಒಂದು ಕಾಯ್ದೆಯನ್ನೂ ರದ್ದು ಮಾಡಲಿಲ್ಲ, ವಿಧಾನಸಭೆಯಲ್ಲಿ ಒಂದು ದಿನದ ಚರ್ಚೆಯೂ ಇಲ್ಲ. ಒಂದು ಪತ್ರ, ಒಂದು ವಿನಾಯಿತಿ, ಒಂದು ಮುಂದೂಡಿಕೆ, ಅಷ್ಟರಲ್ಲೇ ಕೆಲಸ ಮುಗಿಯಿತು. ನನ್ನ ವಾದ ಇಷ್ಟೆ: ಆರ್ಥಿಕತೆ ಬೀಳುವಾಗ ಬಡವರ ಕೆಲಸ ಹೋಗುತ್ತದೆ, ಏಳುವಾಗ ಹಕ್ಕು ಹೋಗುತ್ತದೆ. ಎರಡನೆಯದು ಸದ್ದಿಲ್ಲದೆ ಹೋಗುವುದರಿಂದ ವಾಪಸು ತರುವುದು ಕಷ್ಟ.

ಭಾಷಣ ಬೇಡ. ಯಾವ ಹಕ್ಕು ಯಾವ ಬಾಗಿಲಿನಿಂದ ಹೊರಗೆ ಹೋಯಿತು, ಅದನ್ನು ಹಿಡಿಯಲು ಯಾವ ಕಾಗದ ಕೈಯಲ್ಲಿರಬೇಕು, ಯಾವ ಅಂಕಿ ನೋಡಬೇಕು, ಇದನ್ನು ಅವರವರ ಕ್ಷೇತ್ರದಿಂದ ಬರೆಯಿರಿ.

ಬಟವಾಡೆ

ತುಟ್ಟಿಭತ್ಯೆಯಿಂದ ಶುರು ಮಾಡೋಣ. ಕಾರ್ಖಾನೆ ಮಾತಿನಲ್ಲಿ ವಿಡಿಎ, ಬೆಲೆ ಏರಿದಂತೆ ಕನಿಷ್ಠ ವೇತನಕ್ಕೆ ಸೇರುವ ಭತ್ಯೆ. ಗಾರ್ಮೆಂಟ್ಸ್ ವಲಯದಲ್ಲಿ ಇದು ಮುಟ್ಟಿದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಹೆಂಗಸರು.

ಲೆಕ್ಕ ಹೀಗೆ. ಗ್ರಾಹಕ ಬೆಲೆ ಸೂಚ್ಯಂಕ ಎಷ್ಟು ಅಂಶ ಏರಿದೆಯೋ ಅಷ್ಟನ್ನು 4 ಪೈಸೆಯಿಂದ ಗುಣಿಸಿದರೆ ದಿನದ ಹೆಚ್ಚಳ. 2020ರ ಏಪ್ರಿಲ್ 1ಕ್ಕೆ ಬರಬೇಕಿದ್ದದ್ದು ದಿನಕ್ಕೆ 16 ರೂಪಾಯಿ 4 ಪೈಸೆ, 26 ದಿನಕ್ಕೆ 417 ರೂಪಾಯಿ. ಇದನ್ನು ಸಂಬಳ ಏರಿಕೆ ಅಂತ ಕರೆಯುವುದೇ ತಪ್ಪು. ಹಿಂದಿನ ವರ್ಷ ಬೇಳೆ, ಎಣ್ಣೆ, ಬಾಡಿಗೆ ಎಷ್ಟು ಏರಿತೋ ಅದನ್ನು ಒಂದು ವರ್ಷ ತಡವಾಗಿ ತುಂಬಿಕೊಡುವುದು ಅಷ್ಟೆ. ಮುಂದೂಡಿದರೆ ಕೂಲಿ ನಿಂತಲ್ಲೇ ನಿಲ್ಲುವುದಿಲ್ಲ, ಇಳಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಅಧಿಸೂಚನೆಗೆ ತಡೆ ಕೊಟ್ಟಿತು. ಆಗಲೂ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ, ಕೇಸು ಬಾಕಿ ಇದೆ ಎಂಬ ನೆಪ. ಬಾಕಿ ಕೈಗೆ ಬರಲು ಶುರುವಾದದ್ದು 2021ರ ಕೊನೆಗೆ, 2022ರ ಆರಂಭಕ್ಕೆ. ಅದೂ ಕಾರ್ಮಿಕ ಸಂಘಗಳು ವಿದೇಶಿ ಬ್ರ್ಯಾಂಡುಗಳ ಬಾಗಿಲು ಬಡಿದ ಮೇಲೆ. ಕೋರ್ಟಿನ ಆದೇಶ ಮಾಡದ ಕೆಲಸವನ್ನು ಬಟ್ಟೆ ಕೊಳ್ಳುವವರ ಒಂದು ಇಮೇಲ್ ಮಾಡಿತು.

ಎಲ್ಲರೂ 417 ಮಾತ್ರ ನೋಡುತ್ತಾರೆ. ಅದಕ್ಕೆ ಅಂಟಿಕೊಂಡಿರುವುದನ್ನೂ ನೋಡಿ.

ಪಿಎಫ್: ಮಾಲೀಕರ ಪಾಲು 12 ಶೇಕಡಾ ಅಂದರೆ ತಿಂಗಳಿಗೆ 50 ರೂಪಾಯಿ. 20 ತಿಂಗಳಿಗೆ ಸಾವಿರ. ಆ 12 ಶೇಕಡಾದಲ್ಲಿ 8.33 ಪಿಂಚಣಿ ಖಾತೆಗೆ ಹೋಗಬೇಕಾದದ್ದು.

ಓವರ್‌ಟೈಮ್: ಗಂಟೆಗೆ 2 ರೂಪಾಯಿ ಕಡಿಮೆ. ದುಪ್ಪಟ್ಟು ದರ ಆದ್ದರಿಂದ 4.

ಗ್ರಾಚ್ಯುಟಿ: ಕೊನೆಯ ಸಂಬಳದ ಮೇಲೆ ಲೆಕ್ಕ, ವರ್ಷಕ್ಕೆ 15 ದಿನದಂತೆ. 417ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 240. ಆ ಅವಧಿಯಲ್ಲಿ ಹತ್ತು ವರ್ಷ ಸರ್ವಿಸ್ ಮುಗಿಸಿ ಕೆಲಸ ಬಿಟ್ಟವರಿಗೆ 2,400 ರೂಪಾಯಿ ಖೋತಾ. ಬಾಕಿ ಹಂಚುವಾಗ ಎಲ್ಲಕ್ಕಿಂತ ಹೆಚ್ಚು ಸೋರಿದ್ದು ಇಲ್ಲೇ. ಒಳಗಿರುವವರ ಖಾತೆಗೆ ದುಡ್ಡು ಬೀಳುತ್ತದೆ, ಬಿಟ್ಟು ಊರಿಗೆ ಹೋದವರ ಹಳೇ ಖಾತೆ ಮುಚ್ಚಿರುತ್ತದೆ, ಫೋನ್ ನಂಬರು ಬದಲಾಗಿರುತ್ತದೆ.

ಸಾಕ್ಷಿ ಎಲ್ಲಿ ಸಿಗುತ್ತದೆ? ಪೇ ಸ್ಲಿಪ್ ಕಳೆದುಹೋಗಿದ್ದರೆ ಯುಎಎನ್ ಪಾಸ್‌ಬುಕ್ ತೆಗೆಯಿರಿ. ತಿಂಗಳು ತಿಂಗಳಿಗೆ ಯಾವ ಸಂಬಳದ ಮೇಲೆ ಪಿಎಫ್ ಕಟ್ಟಿದ್ದಾರೆ ಎಂಬುದು ಅಲ್ಲಿದೆ. ಏಪ್ರಿಲ್‌ನ ಅಂಕಿ ಮಾರ್ಚ್‌ನಷ್ಟೇ ಇದ್ದರೆ ವಿಡಿಎ ಬಂದಿಲ್ಲ ಎಂದರ್ಥ. ರಜೆ ಹಾಕಿದ ತಿಂಗಳಲ್ಲಿ ಅಂಕಿ ತಾನಾಗಿ ಇಳಿದಿರುತ್ತದೆ, ಆದ್ದರಿಂದ ಪೂರ್ಣ ಹಾಜರಿ ಇದ್ದ ಎರಡು ತಿಂಗಳನ್ನೇ ಹೋಲಿಸಬೇಕು.

ಇನ್ನೊಂದು ಮರೆತುಹೋಗುವ ಸಂಗತಿ: 2020ರ ಮೇ, ಜೂನ್, ಜುಲೈನಲ್ಲಿ ಪಿಎಫ್ ವಂತಿಗೆಯನ್ನು 12ರಿಂದ 10 ಶೇಕಡಾಕ್ಕೆ ಇಳಿಸಿದ್ದರು. ಕೈಗೆ ಹೆಚ್ಚು ದುಡ್ಡು ಬರುತ್ತದೆ ಎಂದು ಪ್ರಚಾರ. ಕಾರ್ಮಿಕರ 2 ಶೇಕಡಾ ಕೈಗೆ ಬಂತು ಸರಿ, ಮಾಲೀಕರ 2 ಶೇಕಡಾ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಲೆಕ್ಕಿಗ

ಇನ್ನೊಂದು ಮಗ್ಗುಲನ್ನೂ ಬರೆಯುತ್ತೇನೆ, ಬೈಯಬೇಡಿ.

2020ರ ಏಪ್ರಿಲ್‌ನಲ್ಲಿ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಆದದ್ದು ಆರ್ಡರ್ ರದ್ದು ಮಾತ್ರವಲ್ಲ. ಹೊಲಿದು ಪೆಟ್ಟಿಗೆಗೆ ತುಂಬಿದ ಮಾಲಿಗೂ ಕೊಳ್ಳುವವರು ದುಡ್ಡು ಕೊಡಲಿಲ್ಲ. ಬಟ್ಟೆ, ದಾರ, ಗುಂಡಿ ಎಲ್ಲದರ ಬಿಲ್ಲು ಮಾಲೀಕರ ತಲೆಯ ಮೇಲೆ. ಸಾವಿರ ಜನರಿರುವ ಘಟಕಕ್ಕೆ 417 ಅಂದರೆ ತಿಂಗಳಿಗೆ 4.17 ಲಕ್ಷ, ಪಿಎಫ್, ಇಎಸ್‌ಐ ಸೇರಿ 4.8 ಲಕ್ಷದ ಹತ್ತಿರ. ಬೀಗ ಹಾಕುವುದಕ್ಕಿಂತ ಮುಂದೂಡಿಕೆ ವಾಸಿ ಅಲ್ಲವೇ? ಬೀಗ ಬಿದ್ದರೆ 417 ಅಲ್ಲ, ಇಡೀ ಸಂಬಳವೇ ಹೋಗುತ್ತದೆ.

ಕರಿಕೋಟು

ಲೆಕ್ಕಿಗರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಅಳತೆಗೋಲು ಇದೆ.

ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು. ಆ ಒಡಂಬಡಿಕೆಯ ಸಮಿತಿ, 2008ರ ಆರ್ಥಿಕ ಕುಸಿತದ ನಂತರ ಯೂರೋಪಿನ ಸರ್ಕಾರಗಳು ಖರ್ಚು ಕಡಿತಕ್ಕೆ ಇಳಿದಿದ್ದಾಗ, 2012ರಲ್ಲಿ ಸದಸ್ಯ ದೇಶಗಳಿಗೆ ಪತ್ರ ಬರೆದು ಶರತ್ತುಗಳನ್ನು ಹೇಳಿತು. ಹಕ್ಕನ್ನು ಹಿಂದಕ್ಕೆ ಎಳೆಯುವ ಕ್ರಮ ತಾತ್ಕಾಲಿಕವಾಗಿರಬೇಕು. ಅನಿವಾರ್ಯವೂ ಕಷ್ಟಕ್ಕೆ ತಕ್ಕಷ್ಟೂ ಆಗಿರಬೇಕು. ದುರ್ಬಲರ ಮೇಲೆ ಹೆಚ್ಚು ಹೊರೆ ಬೀಳಬಾರದು. ಯಾವ ಸ್ಥಿತಿಯಲ್ಲೂ ಕೆಳಗಿಳಿಯದ ಕನಿಷ್ಠ ಮಟ್ಟವೊಂದು ಉಳಿಯಬೇಕು. 2019ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಮುಂದೆ ಬಂದ ಮಾರ್ಗಸೂಚಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆರ್ಥಿಕ ಸುಧಾರಣೆಗೆ ಕೈಹಾಕುವ ಮೊದಲೇ ಅದು ಹಕ್ಕುಗಳ ಮೇಲೆ ಮಾಡುವ ಪರಿಣಾಮವನ್ನು ಅಂದಾಜು ಮಾಡಬೇಕು ಎನ್ನುತ್ತದೆ.

ಈಗ ಜುಲೈ 20ರ ಅಧಿಸೂಚನೆಯನ್ನು ಇದರಲ್ಲಿ ಹಾಕಿ ನೋಡಿ. ಅದಕ್ಕೆ 2021ರ ಮಾರ್ಚ್ 31ರ ಗಡುವು ಇತ್ತು, ಆದ್ದರಿಂದ ಕಾಗದದ ಮೇಲೆ ತಾತ್ಕಾಲಿಕ. ಆದರೆ ತಕ್ಕಷ್ಟು? ದಿವಾಳಿ ಅಂಚಿನಲ್ಲಿದ್ದ ಘಟಕಕ್ಕೂ, ಲಾಭದಲ್ಲಿದ್ದ ದೊಡ್ಡ ರಫ್ತುದಾರರಿಗೂ ಒಂದೇ ವಿನಾಯಿತಿ. ಲೆಕ್ಕಪತ್ರ ತೋರಿಸಿ ಅರ್ಜಿ ಹಾಕಿದವರಿಗೆ ಮಾತ್ರ, ಕಂತಿನಲ್ಲಿ ಬಾಕಿ ತೀರಿಸುವ ಶರತ್ತಿನ ಮೇಲೆ ಕೊಟ್ಟಿದ್ದರೆ ಲೆಕ್ಕಿಗರ ವಾದವನ್ನು ಒಪ್ಪಬಹುದಿತ್ತು. ಕನಿಷ್ಠ ಮಟ್ಟದ ಪ್ರಶ್ನೆಯಲ್ಲಂತೂ ಇದು ಅಲ್ಲೇ ಬೀಳುತ್ತದೆ. ಕನಿಷ್ಠ ವೇತನ ಅನ್ನುವುದೇ ಆ ಮಟ್ಟ, ಅದರ ಕೆಳಗೆ ಇನ್ನೊಂದು ಮೆಟ್ಟಿಲು ಇಲ್ಲ.

ಕೆಲಸದ ಗಂಟೆಯ ವಿಷಯಕ್ಕೆ ಗುಜರಾತಿನ ತೀರ್ಪು ಎಲ್ಲರೂ ಓದಬೇಕಾದದ್ದು. 2020ರ ಅಕ್ಟೋಬರ್ 1, ಸುಪ್ರೀಂ ಕೋರ್ಟ್, ಗುಜರಾತ್ ಮಜ್ದೂರ್ ಸಭಾ ಪ್ರಕರಣ. ಅಲ್ಲಿನ ಸರ್ಕಾರ 12 ಗಂಟೆಯ ಪಾಳಿ ತಂದು, ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಬದಲು ಮಾಮೂಲಿ ದರ ಕೊಟ್ಟರೆ ಸಾಕು ಅಂದಿತ್ತು. ಕಾರ್ಖಾನೆ ಕಾಯ್ದೆಯ 5ನೇ ಕಲಮಿನ ಸಾರ್ವಜನಿಕ ತುರ್ತುಸ್ಥಿತಿಯ ಅಧಿಕಾರ ಬಳಸಿ. ಆ ಕಲಮು ಹೇಳುವುದು ಯುದ್ಧ, ಹೊರಗಿನ ಆಕ್ರಮಣ, ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಅಪಾಯ ಬಂದಾಗ. ಆರ್ಥಿಕ ಹಿಂಜರಿತ ಆ ಪಟ್ಟಿಗೆ ಸೇರುವುದಿಲ್ಲ ಎಂದು ಕೋರ್ಟ್ ಅಧಿಸೂಚನೆಯನ್ನು ರದ್ದು ಮಾಡಿ, ದುಡಿದ ಓವರ್‌ಟೈಮಿಗೆ ಪೂರ್ತಿ ದರ ಕೊಡಲು ಹೇಳಿತು. ದುಡ್ಡಿನಲ್ಲಿ ಹೇಳುವುದಾದರೆ, ದಿನಗೂಲಿ 400 ಇದ್ದವರಿಗೆ ದಿನಕ್ಕೆ 4 ಹೆಚ್ಚುವರಿ ಗಂಟೆಗೆ 400 ಬರಬೇಕಾದಲ್ಲಿ 200. ತಿಂಗಳಿಗೆ 5,200 ರೂಪಾಯಿ ಕಾರ್ಮಿಕರ ಜೇಬಿನಿಂದ ಮಾಲೀಕರ ಜೇಬಿಗೆ.

ಹಾಜರಿಪುಸ್ತಕ ಅವರಿಗೆ ಒಂದು ತಿದ್ದುಪಡಿ. ಎಲ್ಲವೂ ಅಧಿಸೂಚನೆಯಿಂದಲೇ ಆಗಲಿಲ್ಲ. 2020ರಲ್ಲಿ ಅಧಿಸೂಚನೆಯಿಂದ ಆಗದೆ ಬಿಟ್ಟದ್ದನ್ನು ಕರ್ನಾಟಕ 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಮಾಡಿಕೊಂಡಿತು. ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೆ ದುಡಿಸುವ ದಾರಿ ಅದರಲ್ಲಿ ಇತ್ತು. ತಾತ್ಕಾಲಿಕ ಎಂದು ಬಂದದ್ದು ಹೇಗೆ ಕಾಯಂ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬಟವಾಡೆ

@ಲೆಕ್ಕಿಗ, ದುಡ್ಡು ಕೊಡದೆ ಕೈ ಎತ್ತಿದ್ದು ಕೊಳ್ಳುವವರು, ತುಂಬಿದ್ದು ಹೊಲಿಯುವವರು. ನೀವು ಹೇಳಿದ್ದರಿಂದ ಸಿದ್ಧವಾಗುವುದು ಅಷ್ಟೆ. ಬೀಗದ ಬೆದರಿಕೆ ಬಗ್ಗೆ ಇನ್ನೊಂದು ಮಾತು. ಬೀಗ ಹಾಕುವುದಕ್ಕೂ ಕಾನೂನಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಕಾರ್ಖಾನೆ ಆಗ ಸರ್ಕಾರದ ಅನುಮತಿ ಇಲ್ಲದೆ ಮುಚ್ಚುವಂತಿರಲಿಲ್ಲ. ಆದ್ದರಿಂದ ರಾಜೀನಾಮೆ ಬರೆಸಿಕೊಳ್ಳುವ ಹಾದಿ. ಮೂರು ತಿಂಗಳ ಸಂಬಳ ಒಟ್ಟಿಗೆ ಎಂದು ಆಸೆ ತೋರಿಸಿ ಖಾಲಿ ಹಾಳೆಗೆ ಸಹಿ. ಸಹಿ ಹಾಕಿದ ಮೇಲೆ ಕಾನೂನಿನ ಕಣ್ಣಿಗೆ ಅದು ಛಟ್ನಿ, ಅಂದರೆ ಮಾಲೀಕರೇ ಕೆಲಸದಿಂದ ತೆಗೆದದ್ದು, ಅಲ್ಲ, ಸ್ವಂತ ಇಚ್ಛೆಯಿಂದ ಬಿಟ್ಟದ್ದು. ವರ್ಷಕ್ಕೆ 15 ದಿನದ ಪರಿಹಾರವೂ ಇಲ್ಲ, ನೋಟಿಸ್ ಸಂಬಳವೂ ಇಲ್ಲ. ಸಹಿ ಹಾಕಲೇಬೇಕಾಗಿ ಬಂದರೆ ಹೆಸರಿನ ಕೆಳಗೆ ‘ಆಡಳಿತದವರು ಹೇಳಿದ್ದರಿಂದ, ನನ್ನ ಆಕ್ಷೇಪ ಇದೆ’ ಎಂದು ಕನ್ನಡದಲ್ಲೇ ಬರೆದು ತಾರೀಕು ಹಾಕಿ, ಫೋಟೊ ತೆಗೆದುಕೊಳ್ಳಬೇಕು.

ಬಾಕಿ ಕೇಳುವ ಗಡುವು: ಹಳೆಯ ಕನಿಷ್ಠ ವೇತನ ಕಾಯ್ದೆಯ 20ನೇ ಕಲಮಿನಡಿ 6 ತಿಂಗಳು. ತಡವಾದರೆ ಕಾರಣ ಕೊಟ್ಟು ಮನ್ನಿಸಲು ಕೇಳಬೇಕಿತ್ತು. ಎಷ್ಟು ಜನ ಬೇಕಾದರೂ ಒಂದೇ ಅರ್ಜಿಯಲ್ಲಿ ಸೇರಬಹುದಿತ್ತು, ಕೊರತೆಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇತ್ತು. ಬಳಸಿದವರು ಬೆರಳೆಣಿಕೆ.

ನಮೂನೆ_ಆರು

ಊರ ಕಡೆ ಬರ್ರಿ. ಲಾಕ್‌ಡೌನಿನಾಗ ಬೆಂಗಳೂರು, ಪುಣೆ, ಗೋವಾದಿಂದ ವಾಪಸ್ ಬಂದವರನ್ನ ಹಿಡಿದು ನಿಲ್ಲಿಸಿದ್ದು ಉದ್ಯೋಗ ಖಾತ್ರಿ. 2020-21ರಲ್ಲಿ ಕೇಂದ್ರ ಇದಕ್ಕೆ ಕೊಟ್ಟದ್ದು ಪರಿಷ್ಕೃತ ಅಂದಾಜಿನಲ್ಲಿ 1,11,500 ಕೋಟಿ. 2023-24ರ ಬಜೆಟ್ಟಿಗೆ 60,000 ಕೋಟಿ. ಚೇತರಿಕೆ ಬಂತು ಅಂತ ದಿಲ್ಲಿಯವರು ಮೊದಲು ಕತ್ತರಿ ಹಾಕಿದ್ದು ಇಲ್ಲಿಗೆ. ಆಮೇಲೆ ವರ್ಷದ ನಡುವೆ ಅದನ್ನೇ 86,000 ಕೋಟಿಗೆ ಏರಿಸಬೇಕಾಯ್ತು. ಕೆಲಸ ಕೇಳುವವರು ಕಡಿಮೆ ಆಗಿರಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇನು?

ಹಕ್ಕು ಹೋಗುವ ಮೊದಲ ಬಾಗಿಲು: ಸ್ವೀಕೃತಿ ರಸೀದಿ. ಕೆಲಸ ಬೇಕು ಅಂತ ನಮೂನೆ 6ರಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ ಭಾಗ ನಿರುದ್ಯೋಗ ಭತ್ಯೆ. 2025-26ರ ಕರ್ನಾಟಕದ ಕೂಲಿ 370 ಹಿಡಿದರೆ ದಿನಕ್ಕೆ 92 ರೂಪಾಯಿ 50 ಪೈಸೆ, ಆಮೇಲೆ 185. ಈ ಭತ್ಯೆ ಪಡೆದವರನ್ನ ಜಿಲ್ಲೆಯಲ್ಲಿ ಹುಡುಕಿದರೂ ಸಿಗೋದಿಲ್ಲ. ಯಾಕಂದ್ರೆ ಪಂಚಾಯ್ತಿಯವರು ಅರ್ಜಿ ಬಾಯಲ್ಲಿ ಕೇಳಿಸಿಕೊಳ್ತಾರೆ, ಕೆಲಸ ಸಿದ್ಧ ಆದ ದಿನ ಕಂಪ್ಯೂಟರಿನಾಗ ಬೇಡಿಕೆ ದಾಖಲಿಸ್ತಾರೆ. ದಾಖಲೆ ಪ್ರಕಾರ ಕೇಳಿದ ಮರುದಿನವೇ ಕೆಲಸ! ಅದಕ್ಕೆ ತಾರೀಕು, ಮೊಹರು ಇರುವ ರಸೀದಿ ಇಲ್ಲದೆ ಪಂಚಾಯ್ತಿ ಬಿಟ್ಟು ಬರಬಾರದು. ಪಿಡಿಒ ಸಹಿ ಹಾಕದಿದ್ದರೆ ಅದೇ ಅರ್ಜಿಯನ್ನ ಅಲ್ಲೇ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಪಂಚಾಯ್ತಿಗೇ ಕಳಿಸಿ. ಅರ್ಜಿ ಪಂಚಾಯ್ತಿಗೆ ಮುಟ್ಟಿದ ದಿನದಿಂದ ಎಣಿಕೆ ಶುರು, ಅಂಚೆ ರಸೀದಿಯೇ ಸಾಕ್ಷಿ. ಅರ್ಜಿಯಲ್ಲಿ ಕನಿಷ್ಠ 14 ದಿನದ ಸತತ ಕೆಲಸ ಕೇಳಿರಬೇಕು, ಎಲ್ಲರ ಜಾಬ್ ಕಾರ್ಡ್ ನಂಬರು ಇರಬೇಕು, ಒಂದು ಪ್ರತಿ ಕೂಲಿಕಾರರ ಹತ್ತಿರ ಉಳಿಯಬೇಕು.

ಎರಡನೇ ಬಾಗಿಲು: ಅಳತೆ. ಎನ್‌ಎಂಆರ್‌ನಲ್ಲಿ, ಅಂದ್ರೆ ಮಸ್ಟರ್ ಹಾಜರಿ ಪಟ್ಟಿಯಲ್ಲಿ, ಆರು ದಿನ ಇದ್ದರೂ ಕೂಲಿ ಬರೋದು ತೋಡಿದ ಮಣ್ಣಿನ ಘನ ಅಳತೆಗೆ. ಎಂಜಿನಿಯರು ಅಳತೆ ಪುಸ್ತಕದಾಗ ಗಟ್ಟಿ ಮಣ್ಣನ್ನ ಮೆದು ಮಣ್ಣು ಅಂತ ಬರೆದರೆ ದಿನಕ್ಕೆ 370 ಹೋಗಿ 250, 280 ಬೀಳ್ತದ. ಬೇಸಿಗೆ ಬದು ಕೆಲಸದಾಗ ಇದು ಯಾವಾಗಲೂ. ಅಳತೆ ದಿನ ಕಾಯಕ ಬಂಧು (ಕೂಲಿಕಾರರ ಗುಂಪಿನ ಮೇಟಿ) ಜೊತೆ ಇಬ್ಬರು ಕೂಲಿಕಾರರು ಗುಂಡಿ ಹತ್ತಿರ ನಿಂತು ಉದ್ದ, ಅಗಲ, ಆಳ ತಾವೂ ಬರೆದುಕೊಳ್ಳಬೇಕು, ಮಣ್ಣಿನ ಜಾತಿ ಏನು ಬರೆದ್ರಿ ಅಂತ ಅಲ್ಲೇ ಕೇಳಬೇಕು. ಗುಂಡಿ ಮಳೆಗೆ ತುಂಬಿದ ಮೇಲೆ ಯಾವ ತನಿಖೆಯಿಂದಲೂ ಪ್ರಯೋಜನ ಇಲ್ಲ.

ಮೂರನೇದು: ಆ್ಯಪ್ ಹಾಜರಿ. 2023ರ ಜನವರಿಯಿಂದ ಸಾಮೂಹಿಕ ಕೆಲಸಕ್ಕೆಲ್ಲ ದಿನಕ್ಕೆ ಎರಡು ಸಲ ಫೋಟೊ ಕಡ್ಡಾಯ. ನೆಟ್‌ವರ್ಕ್ ಇಲ್ಲದ ಕೆರೆ ಅಂಗಳದಾಗ ಎರಡನೇ ಫೋಟೊ ಹತ್ತದಿದ್ದರೆ ದುಡಿದ ದಿನ ಹೋಯ್ತು. ಅಂಥ ದಿನ ಸಂಜೆಯೊಳಗೆ ಪಂಚಾಯ್ತಿಗೆ ಲಿಖಿತವಾಗಿ ಕೊಟ್ಟರೆ ಕೈಯಿಂದ ಹಾಜರಿ ಸರಿಪಡಿಸಲು ತಾಲೂಕಿಗೆ ಬರೆಯಬಹುದು. ವಾರ ಬಿಟ್ಟು ಹೇಳಿದರೆ ಮಸ್ಟರ್ ಮುಚ್ಚಿರ್ತದ.

ನಾಲ್ಕನೇದು ಆಧಾರ್ ಪಾವತಿ. 2024ರ ಜನವರಿ 1ರಿಂದ ಕಡ್ಡಾಯ. ಅದಕ್ಕೆ ಮುಂಚಿನ ಆತುರದಾಗ 2022-23 ಒಂದೇ ವರ್ಷ ದೇಶದಲ್ಲಿ 5 ಕೋಟಿಗೂ ಹೆಚ್ಚು ಹೆಸರು ಜಾಬ್ ಕಾರ್ಡಿನಿಂದ ತೆಗೆದರು, ಸರ್ಕಾರವೇ ಸಂಸತ್ತಿಗೆ ಕೊಟ್ಟ ಉತ್ತರ. ‘ಕೆಲಸ ಮಾಡಲು ಇಚ್ಛೆ ಇಲ್ಲ’ ಅಂತ ಕಾರಣ ಬರೆದು ತೆಗೆದವರ ಪೈಕಿ ಬಹಳ ಜನಕ್ಕೆ ತಮ್ಮ ಇಚ್ಛೆ ಏನು ಅಂತ ಯಾರೂ ಕೇಳಿರಲಿಲ್ಲ. ದುಡ್ಡು ‘ಜಮಾ’ ಅಂತ ತೋರಿಸಿ ಕೈಗೆ ಬರದಿದ್ದರೆ ಮೊದಲು ನೋಡಬೇಕಾದ್ದು, ಆಧಾರಿಗೆ ಕೊನೆಗೆ ಜೋಡಿಸಿದ ಖಾತೆ ಯಾವುದು. ಮೊಬೈಲ್ ಸಿಮ್ ಜೊತೆ ತೆರೆದ ಖಾತೆ, ಸಂಘದ ಸಾಲಕ್ಕೆ ತೆರೆದ ಖಾತೆ, ಅಲ್ಲಿ ಹೋಗಿ ಕೂತಿರ್ತದ.

ತಡವಾದ ಕೂಲಿಗೆ ಪರಿಹಾರ ದಿನಕ್ಕೆ 0.05 ಶೇಕಡಾ. ಆರು ದಿನದ 2,220 ರೂಪಾಯಿ ಒಂದು ತಿಂಗಳು ತಡ ಆದರೆ 33 ರೂಪಾಯಿ. ಪರಿಹಾರ ಅಂದ್ರೆ ನಗಬೇಕು. ಆದರೂ ಕೇಳಬೇಕು, ಕೇಳಿದಾಗಲೇ ತಡ ಯಾರಿಂದ ಆಯ್ತು ಅನ್ನೋದು ದಾಖಲೆಗೆ ಬರೋದು.

ತಕ್ಕಡಿ

ಪಡಿತರದ ಕಥೆ ಇನ್ನೂ ಸೂಕ್ಷ್ಮ, ಇಲ್ಲಿ ಕಡಿತವನ್ನು ಕೊಡುಗೆ ಎಂದು ಘೋಷಿಸಿದ್ದಾರೆ.

2020ರ ಏಪ್ರಿಲ್‌ನಿಂದ 2022ರ ಡಿಸೆಂಬರ್‌ವರೆಗೆ, ನಡುವೆ ಕೆಲವು ತಿಂಗಳು ಬಿಟ್ಟು, ಕೇಂದ್ರದಿಂದ ತಲೆಗೆ 5 ಕೆ.ಜಿ. ಹೆಚ್ಚುವರಿ ಧಾನ್ಯ ಇತ್ತು. ಆಹಾರ ಭದ್ರತಾ ಕಾಯ್ದೆಯ 5 ಕೆ.ಜಿ. ಬೇರೆ. 2023ರ ಜನವರಿಯಿಂದ ‘ಎಲ್ಲರಿಗೂ ಉಚಿತ’ ಎಂದರು, ಜೊತೆಗೇ ಹೆಚ್ಚುವರಿ 5 ಕೆ.ಜಿ. ನಿಂತಿತು. ಐದು ಜನರ ಮನೆಗೆ ತಿಂಗಳಿಗೆ 25 ಕೆ.ಜಿ. ಕಡಿಮೆ. ಕೇಂದ್ರದ ದರದಲ್ಲಿ ಉಳಿತಾಯ ಆದದ್ದು ಅಕ್ಕಿಗೆ ಕೆ.ಜಿ.ಗೆ 3 ರೂಪಾಯಿ.

ರಾಜ್ಯದಲ್ಲಿ ಅನ್ನಭಾಗ್ಯದ 10 ಕೆ.ಜಿ. ಮಾತು ಬಂದಾಗ ಕೇಂದ್ರ ಅಕ್ಕಿ ಮಾರಲು ಒಪ್ಪಲಿಲ್ಲ. 2023ರ ಜುಲೈನಿಂದ ರಾಜ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಕೆ.ಜಿ.ಗೆ 34ರಂತೆ ತಲೆಗೆ 170 ರೂಪಾಯಿ. ಅಂಗಡಿಯಲ್ಲಿ 50 ರೂಪಾಯಿಯ ಅಕ್ಕಿ ಕೊಂಡರೆ 3 ಕೆ.ಜಿ. 400 ಗ್ರಾಂ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂದದ್ದು ಒಳ್ಳೆಯದಾಯಿತು, ಧಾನ್ಯಕ್ಕೆ ಬೆಲೆ ಏರಿಕೆ ತಟ್ಟುವುದಿಲ್ಲ.

ನನ್ನ ಮುಖ್ಯ ತಕರಾರು ಬಿಪಿಎಲ್ ಮಿತಿಯ ಬಗ್ಗೆ. ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10,000 ರೂಪಾಯಿ, ಇಡೀ ಮನೆಗೆ. ಮೇಲೆ ನಮೂನೆ_ಆರು ಹೇಳಿದ 370 ರೂಪಾಯಿ ಕೂಲಿ ತಿಂಗಳಿಗೆ 26 ದಿನ, ವರ್ಷಪೂರ್ತಿ ಸಿಕ್ಕರೆ 1,15,440. ಮನೆಯಲ್ಲಿ ಇನ್ನೊಬ್ಬರು ಹದಿನೈದು ದಿನ ಕೂಲಿಗೆ ಹೋದರೆ ಮಿತಿ ದಾಟಿತು. ಬಟವಾಡೆ ಅವರು ಹೋರಾಡಿ ಕೊಡಿಸುವ ಕನಿಷ್ಠ ವೇತನ ಪೂರ್ತಿ ಸಿಕ್ಕಿದ ಗಾರ್ಮೆಂಟ್ಸ್ ಮನೆಯೂ ಅಷ್ಟೆ. ಒಂದು ಇಲಾಖೆ ಕನಿಷ್ಠ ಎಂದು ಕರೆದದ್ದನ್ನು ಇನ್ನೊಂದು ಇಲಾಖೆ ಶ್ರೀಮಂತಿಕೆ ಎನ್ನುತ್ತದೆ. 2024ರ ನವೆಂಬರ್‌ನಲ್ಲಿ ಕಾರ್ಡುಗಳು ಸಾಲುಸಾಲಾಗಿ ಎಪಿಎಲ್ ಆದಾಗ ಗಲಾಟೆ ಎದ್ದು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರದ್ದನ್ನು ವಾಪಸು ಕೊಡಿ ಎಂದು ಸರ್ಕಾರವೇ ಹೇಳಬೇಕಾಯಿತು.

ಲೆಕ್ಕಿಗ

ಅನರ್ಹರನ್ನು ತೆಗೆಯುವುದೇ ಬೇಡವೇ? ಕಾರು ಇಟ್ಟುಕೊಂಡು ಬಿಪಿಎಲ್ ಅಕ್ಕಿ ಮಾರುವವರು ಪ್ರತಿ ಊರಿನಲ್ಲೂ ಇದ್ದಾರೆ.

ತಕ್ಕಡಿ

ತೆಗೆಯಲಿ. ತೆಗೆಯುವ ಕ್ರಮದ ಬಗ್ಗೆ ನನ್ನ ಮಾತು. ಮೊದಲು ನೋಟಿಸ್, ಆಮೇಲೆ ವಿಚಾರಣೆ, ಕೊನೆಗೆ ರದ್ದು. ಇಲ್ಲಿ ನಡೆಯುವುದು ತಿರುಗುಮುರುಗು: ಅಂಗಡಿಗೆ ಹೋದಾಗ ಯಂತ್ರ ಇಲ್ಲ ಎನ್ನುತ್ತದೆ, ಆಮೇಲೆ ತಾಲೂಕು ಕಚೇರಿಗೆ ಅಲೆದಾಟ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟು ಆಗುವುದು ಐಟಿ ರಿಟರ್ನ್‌ನಲ್ಲಿ. ಆಟೋಗೋ, ಹೊಲಿಗೆ ಯಂತ್ರಕ್ಕೋ ಸಾಲ ಬೇಕೆಂದರೆ ರಿಟರ್ನ್ ತನ್ನಿ ಎಂದು ಸಾಲ ಕೊಡುವವರು ಕೇಳುತ್ತಾರೆ. ಸೈಬರ್ ಅಂಗಡಿಯವರು ಐದು ನೂರು ತೆಗೆದುಕೊಂಡು ಬಾಯಿಗೆ ಬಂದ ಆದಾಯ ತುಂಬಿಸುತ್ತಾರೆ. ತೆರಿಗೆ ಸೊನ್ನೆ, ಆದರೆ ಪ್ಯಾನ್ ಪಟ್ಟಿಯಲ್ಲಿ ಹೆಸರು ಬಂತು. ಕಾರ್ಡ್ ಹೋಯಿತು, ಗೃಹಲಕ್ಷ್ಮಿಯ 2,000ಕ್ಕೂ ಕುತ್ತು. ರಿಟರ್ನ್ ಸಲ್ಲಿಸಿದವರು ಬೇರೆ, ತೆರಿಗೆ ಕಟ್ಟಿದವರು ಬೇರೆ. ಮೇಲ್ಮನವಿಗೆ ಆ ವರ್ಷದ ರಿಟರ್ನ್ ಪ್ರತಿಯಲ್ಲಿ ‘ಪಾವತಿಸಬೇಕಾದ ತೆರಿಗೆ: 0’ ಇರುವ ಪುಟ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಹಳೆಯ ಕಾರ್ಡಿನ ಪ್ರತಿ, ಈ ಮೂರು ಸಾಕು. ಆಹಾರ ನಿರೀಕ್ಷಕರ ಹಂತದಲ್ಲಿ ಆಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅಲ್ಲಿಂದ ರಾಜ್ಯ ಆಹಾರ ಆಯೋಗ. ಕಾಯ್ದೆಯ 8ನೇ ಕಲಮಿನಲ್ಲಿ ಧಾನ್ಯ ಕೊಡದ ತಿಂಗಳಿಗೆ ಆಹಾರ ಭದ್ರತಾ ಭತ್ಯೆ ಕೇಳುವ ಹಕ್ಕಿದೆ, ಮೇಲ್ಮನವಿಯಲ್ಲಿ ಆ ಒಂದು ಸಾಲು ಸೇರಿಸಿ. ದುಡ್ಡು ಬರುತ್ತದೋ ಬಿಡುತ್ತದೋ, ಕಡತ ಮಾತ್ರ ಬೇಗ ಚಲಿಸುತ್ತದೆ.

ಬೆರಳಚ್ಚು ಹತ್ತದ ಮುದುಕರ ಬಗ್ಗೆ ಬರೆಯಲು ಹೋದರೆ ಇನ್ನೊಂದು ಚರ್ಚೆಯೇ ಬೇಕು, ಬಿಟ್ಟಿದ್ದೇನೆ.

ಸಂತೆಬೀದಿ

ಪೇಟೆ ಬದಿ ವ್ಯಾಪಾರಿಗಳದ್ದು ನೋಡಿ ಮಾರಾಯ್ರೆ. 2020ರ ಜೂನ್‌ನಲ್ಲಿ ಸ್ವನಿಧಿ ಸಾಲ ಬಂತು. 2025ರವರೆಗೆ ಅದು ಮೊದಲು 10,000, ತೀರಿಸಿದರೆ 20,000, ಆಮೇಲೆ 50,000 ಇತ್ತು. ಅಡಮಾನ ಕೇಳುವಂತಿಲ್ಲ, ಕಂತು ಸರಿಯಾಗಿ ಕಟ್ಟಿದರೆ 7 ಶೇಕಡಾ ಬಡ್ಡಿ ಸಹಾಯ. ಒಳ್ಳೆಯ ಯೋಜನೆ, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಕೈ ಗಾಡಿಗೆ ಸಾಲ ಕೊಡುತ್ತದೆ, ಇನ್ನೊಂದು ಕೈ ಅದೇ ಗಾಡಿಯನ್ನು ಲಾರಿಗೆ ಹಾಕುತ್ತದೆ. ರಸ್ತೆ ಅಗಲ, ಫುಟ್‌ಪಾತ್ ಚಂದ ಎಲ್ಲ ಚೇತರಿಕೆಯ ಕಾಮಗಾರಿಯೇ ಅಲ್ಲವೇ. ಗಾಡಿ ಹೋದ ತಿಂಗಳು ಕಂತು ತಪ್ಪುತ್ತದೆ, ಬಡ್ಡಿ ಸಹಾಯ ನಿಲ್ಲುತ್ತದೆ, ಮುಂದಿನ ಸಾಲದ ಬಾಗಿಲು ಮುಚ್ಚುತ್ತದೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬಾಯಿಪಾಠ ಆಗಬೇಕಾದದ್ದು ನಾಲ್ಕೇ ಕಡೆ. 3ನೇ ಕಲಮು: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. 18: ಎಬ್ಬಿಸುವ ಮೊದಲು 30 ದಿನದ ನೋಟಿಸ್. 19: ಮಾಲು ಹಿಡಿದರೆ ಅಲ್ಲೇ ಪಟ್ಟಿ ಬರೆದು ಸಹಿ ಹಾಕಿ ಪ್ರತಿ ಕೊಡಬೇಕು, ಕೆಡುವ ಮಾಲು ಅದೇ ದಿನ, ಕೆಡದ ಮಾಲು ಎರಡು ಕೆಲಸದ ದಿನದೊಳಗೆ ವಾಪಸು. 22: ಪಟ್ಟಣ ವ್ಯಾಪಾರ ಸಮಿತಿಯಲ್ಲಿ 40 ಶೇಕಡಾ ವ್ಯಾಪಾರಿಗಳೇ, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು.

ತಪ್ಪುವುದು ಯಾವಾಗಲೂ 19ರಲ್ಲಿ. ಪಟ್ಟಿ ಇಲ್ಲದೆ ಮಾಲು ಹೋದರೆ ಏನು ಹೋಯಿತು ಎಂದು ಸಾಬೀತು ಮಾಡುವುದು ಹೇಗೆ? ಲಾರಿ ಬಂದಾಗ ಜಗಳ ಆಡುವ ಬದಲು ಪಕ್ಕದವರು ಮೊಬೈಲಿನಲ್ಲಿ ಗಾಡಿ, ತಕ್ಕಡಿ, ಬುಟ್ಟಿ ಲೆಕ್ಕ ಕಾಣುವಂತೆ ವಿಡಿಯೊ ಮಾಡಲಿ. ಸ್ವನಿಧಿಗೆ ನಗರಸಭೆ ಕೊಟ್ಟ ಶಿಫಾರಸು ಪತ್ರವನ್ನು ಲ್ಯಾಮಿನೇಟ್ ಮಾಡಿಟ್ಟುಕೊಳ್ಳಿ. ಅದು ಪ್ರಮಾಣಪತ್ರಕ್ಕೆ ಸಮ ಅಲ್ಲ. ಆದರೆ ಇವರು ವ್ಯಾಪಾರಿಯೇ ಅಲ್ಲ ಎಂದು ಅದೇ ನಗರಸಭೆ ಕೋರ್ಟಿನಲ್ಲಿ ಹೇಳುವುದು ಕಷ್ಟವಾಗುತ್ತದೆ.

ಗಾರೆಕೆಲಸ

ಕಟ್ಟಡದವರಿಗೆ ಸಂಬಂಧಿಸಿ ಚುಟುಕಾಗಿ. ಕಟ್ಟಡ ವೆಚ್ಚದ 1 ಶೇಕಡಾ ಸೆಸ್ ಕಾರ್ಮಿಕರ ಮಂಡಳಿಗೆ ಬರುತ್ತದೆ, ದುಡ್ಡಿಗೆ ಬರ ಇಲ್ಲ. 2020ರಲ್ಲಿ ನೋಂದಾಯಿತರಿಗೆ ಎರಡು ಕಂತಿನಲ್ಲಿ 5,000 ಕೊಟ್ಟದ್ದು ಅದರಿಂದಲೇ. ಬರ ಇರುವುದು ನೋಂದಣಿಗೆ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಯಾದಗಿರಿಯಿಂದಲೋ, ಬಿಹಾರದಿಂದಲೋ ಬಂದವರು ಮೂರು ಸೈಟಿನಲ್ಲಿ ತಿಂಗಳಿಗೊಂದರಂತೆ ದುಡಿದಿದ್ದರೆ ಮೇಸ್ತ್ರಿಗಳು ಸಹಿ ಹಾಕುವುದಿಲ್ಲ, ಹಾಕಿದರೆ ತಾವು ಗುತ್ತಿಗೆದಾರ ಎಂದು ಒಪ್ಪಿಕೊಂಡ ಹಾಗೆ. ಬೋಗಸ್ ಕಾರ್ಡ್ ತೆಗೆಯುವ ಅಭಿಯಾನದಲ್ಲಿ ಮೊದಲು ಹೋಗುವುದೂ ಇಂಥವರದ್ದೇ, ವಿಳಾಸಕ್ಕೆ ಹೋದಾಗ ಸಿಗುವುದಿಲ್ಲವಲ್ಲ. ಪ್ರತಿ ಸೈಟ್ ಬಿಡುವ ದಿನವೇ ದಿನಗಳ ಲೆಕ್ಕಕ್ಕೆ ಸಹಿ ತೆಗೆದುಕೊಳ್ಳಬೇಕು, ಆಮೇಲೆ ಮೇಸ್ತ್ರಿ ಸಿಗುವುದಿಲ್ಲ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಇತ್ತು. 2020ರ ಬೇಸಿಗೆಯಲ್ಲಿ ನಡೆದು ಹೋದವರಲ್ಲಿ ಎಷ್ಟು ಜನಕ್ಕೆ ಅದು ಸಿಕ್ಕಿತ್ತು ಎಂದು ಕೇಳುವುದು ದಂಡ. ಹಳೆಯ ಕಾಯ್ದೆಗಳ ಬದಲು ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಭತ್ಯೆಯೇ ಇಲ್ಲ.

ಹಾಜರಿಪುಸ್ತಕ

ಸಂಹಿತೆಯ ಮಾತು ಬಂತು. ಮೇಲೆ ಬರೆದ ಕಲಮುಗಳಲ್ಲಿ ಎಷ್ಟು ಈಗಲೂ ಉಪಯೋಗಕ್ಕೆ ಬರುತ್ತವೆ? ಕರಿಕೋಟು, ನಮೂನೆ_ಆರು ಇಬ್ಬರೂ ಹೇಳಿ.

ಕರಿಕೋಟು

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಒಳ್ಳೆಯದು ಮೊದಲು: ವೇತನ ಬಾಕಿ ಕೇಳುವ ಗಡುವು 6 ತಿಂಗಳಿಂದ 3 ವರ್ಷಕ್ಕೆ ಏರಿದೆ. ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಮಾಡಬೇಕು. ಕೆಟ್ಟದ್ದು: ಮುಚ್ಚಲು, ಛಟ್ನಿ ಮಾಡಲು ಸರ್ಕಾರದ ಅನುಮತಿ ಬೇಕಾದ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ. ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿ ಉಳಿದೇ ಇದೆ. ಆದ್ದರಿಂದ ಪ್ರತಿ ಮಾರ್ಚ್ ಕೊನೆಯಲ್ಲಿ ಕಾರ್ಮಿಕ ಇಲಾಖೆಯ ತುಟ್ಟಿಭತ್ಯೆ ಆದೇಶ ಬಂದಿದೆಯೇ ಎಂದು ನೋಡುವ ಕೆಲಸ ತಪ್ಪುವುದಿಲ್ಲ. ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಕೇಳಿ: ಸೂಚ್ಯಂಕದ ಸರಾಸರಿ ಎಷ್ಟು, ಕಡತ ಯಾರ ಮೇಜಿನ ಮೇಲಿದೆ.

ನಮೂನೆ_ಆರು

ಉದ್ಯೋಗ ಖಾತ್ರಿ ಬದಲಿಗೆ ಸಂಸತ್ತು 2025ರ ಡಿಸೆಂಬರ್‌ನಾಗ ಹೊಸ ಕಾಯ್ದೆ ಪಾಸು ಮಾಡ್ಯದ. 100ರ ಬದಲು 125 ದಿನ ಅಂತ ಹೇಳ್ತಾರ. ಆದರೆ ಕೂಲಿ ಖರ್ಚು ಕೇಂದ್ರ 60, ರಾಜ್ಯ 40. ಬಿತ್ತನೆ, ಕೊಯ್ಲಿನ ಹಂಗಾಮಿನಾಗ ವರ್ಷಕ್ಕೆ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಬಹುದು. ಆ 60 ದಿನ ಯಾವ ಊರಿಗೆ ಯಾವ ತಿಂಗಳು ಅನ್ನೋದೇ ಇನ್ನು ಮುಂದಿನ ಜಗಳ. ಕಲಬುರಗಿ ತೊಗರಿ ಕೊಯ್ಲು ಮತ್ತು ಮಂಡ್ಯದ ಭತ್ತದ ನಾಟಿ ಒಂದೇ ಹೊತ್ತಿಗೆ ಬರೋದಿಲ್ಲ. ರಾಜ್ಯಕ್ಕೆಲ್ಲ ಒಂದೇ ತಾರೀಕು ಹಾಕಿದರೆ ಅರ್ಧ ಜಿಲ್ಲೆಗಳಿಗೆ ಹೊಲದಾಗೂ ಕೆಲಸ ಇಲ್ಲ, ಖಾತ್ರಿಯಾಗೂ ಇಲ್ಲ ಅನ್ನೋ ತಿಂಗಳು ಬರ್ತದ. ಹಂಗಾಮಿನ ಪಟ್ಟಿ ತಾಲೂಕುವಾರು ಮಾಡಿ ಅಂತ ಗ್ರಾಮಸಭೆಯಾಗ ಈಗಲೇ ಠರಾವು ಬರೆಸಿ, ಠರಾವಿನ ನಂಬರು ಹಾಕಿದ ಪ್ರತಿ ತಾಲೂಕು ಪಂಚಾಯ್ತಿಗೊಂದು, ಜಿಲ್ಲಾ ಪಂಚಾಯ್ತಿಗೊಂದು ಕಳಿಸಿ. ರಸೀದಿ ಮರೀಬ್ಯಾಡ್ರಿ.